ಜಾಲಿ ಕಟ್ಟಿಗೆಯ ತಲೆ

ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನ ಮೋಟಾರ್‌ಸೈಕಲ್ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ, ಬೇವಿನ ಕೊಂಬೆಗೆ ಬಾವಿಯ ಗಡಗಡಿ ಕಟ್ಟಿ ಹಗ್ಗದಲ್ಲಿ ಕಬ್ಬಿಣದ ಗುಂಡು ತೂಗುಬಿಟ್ಟಿದ್ದ. ಅದರ ಕೆಳಗೆ ಜಾಲಿ ಕಟ್ಟಿಗೆಯಲ್ಲಿ ಕೆತ್ತಿದ ತಲೆ. ಯಾರೇ ಹೊಸ ಹೆಲ್ಮೆಟ್ ತಂದರೂ ಕಸಿದು ಅದಕ್ಕೆ ತೊಡಿಸಿ, “ತಲಿ ಒಂದ ಐತ್ರಿ” ಎಂದು ಹಗ್ಗ ಬಿಡುತ್ತಿದ್ದ.

ಎಪ್ಪತ್ತರ ದಶಕದ ಒಂದು ಬೇಸಿಗೆ, ಟಿಕೋಟಾ ದಾರಿಯಲ್ಲಿ ಮೋಟಾರ್‌ಸೈಕಲ್‌ನಿಂದ ಬಿದ್ದು ನನ್ನ ತಮ್ಮ ತಲೆಯೊಡೆದು ಸತ್ತ. ಮೇಸ್ತ್ರಿಗೆ ತೋರಿಸದೆ ಕೊಂಡಿದ್ದ ಹೆಲ್ಮೆಟ್ ತಲೆಯ ಮೇಲೇ ಇತ್ತು. ಅದನ್ನು ಮಾರಿದ ಅಂಗಡಿಯವನನ್ನು ಮೇಸ್ತ್ರಿ ಮಾಲು ಸಮೇತ ಕರೆಸಿದ. ಗುಂಡು ಬಿತ್ತು, ಅಂಥದೇ ಹೆಲ್ಮೆಟ್ ಎರಡು ಹೋಳಾಯಿತು.

“ಅಷ್ಟ ಎತ್ತರದಿಂದ ಬಿಟ್ರ ಯಾವ್ದು ತಡೀತೈತ್ರಿ? ಸ್ವಲ್ಪ ಕೆಳಗಿಂದ ಬಿಡ್ರಿ,” ಎಂದ ಅಂಗಡಿಯವ.

ಮೇಸ್ತ್ರಿ ಕಟ್ಟಿಗೆಯ ತಲೆಯನ್ನು ಒದ್ದು ಉರುಳಿಸಿ, ಅದೇ ಮಾಲಿನ ಇನ್ನೊಂದು ಹೆಲ್ಮೆಟ್ ಅವನ ಮುಂದೆ ಹಿಡಿದ.

“ಹಾಕ್ಕೊಂಡು ಇಲ್ಲಿ ಕುಂದರ್ರಿ. ಎಷ್ಟ ಎತ್ತರದಿಂದ ಬಿಡ್ಲಿ, ನೀವ ಹೇಳ್ರಿ.”