ಶಾಲಿನ ಗೊಂಡೆಯ ಒಂದು ಎಳೆ

ಗೆಳತಿಯರೇ, ಇಂದು ಗಜೇಂದ್ರಗಡದ ನಮ್ಮ ಕಟ್ಟೆಯ ಮೇಲೆ ಮತ್ತೆ ಬೆಂಕಿಕಡ್ಡಿ ಗೀರಬೇಕಾಯಿತು. ನಮ್ಮ ಗುಂಪು ಹೆಣೆಯುವ ಕೂಸಿನ ಕುಲಾವಿಗೆ ಮಗ್ಗದಲ್ಲಿ ಉಳಿದ ಹತ್ತಿ ನೂಲು, ಇಲ್ಲವೇ ಕುರಿಯ ಉಣ್ಣೆ ಮಾತ್ರ. ಗುಂಪಿನ ಹೆಸರು ನಿಂತಿರುವುದೇ ಅದರ ಮೇಲೆ. ಯಾರ ಕೈಯಲ್ಲಾದರೂ ಹೊಸ ನೂಲು ಕಂಡರೆ ಒಂದು ಎಳೆ ಸುಡುತ್ತೇನೆ. ಉಜ್ಜಿದರೆ ಬೂದಿಯಾಗಬೇಕು. ಕರಗಿ ಗಂಟಾದರೆ ಪ್ಲಾಸ್ಟಿಕ್. ತಂದವರು ಹೆಣೆದದ್ದನ್ನು ಬಿಚ್ಚಿ ಎಲ್ಲರಿಗೂ ಚಹಾ ಮಾಡಬೇಕು. ನಿಯಮ ನನ್ನದೇ.

ಪಕ್ಕದ ಮನೆಯ ಶಾಂತವ್ವ ತಂದ ಮೆತ್ತನೆಯ ನೂಲು ಕರಗಿತು. ಮುಗಿಯಲು ಬಂದಿದ್ದ ಕುಲಾವಿಯನ್ನು ಬಿಚ್ಚುತ್ತಾ ಅವಳು, "ಅಕ್ಕಾರ, ನೀವು ಹೊತ್ತ ಶಾಲೂ ಒಮ್ಮೆ ಸುಟ್ಟು ನೋಡೂಣಲ್ರಿ" ಎಂದಳು.

"ಇದು ಖರೇ ಉಣ್ಣಿದು. ನಮ್ಮ ಸೊಸಿ ತಂದಾಳ" ಎಂದೆ.

"ಹಂಗಾರ ಅಂಜಿಕಿ ಯಾಕ್ರಿ?"

ಶಾಲಿನ ಗೊಂಡೆಯಿಂದ ಒಂದು ಎಳೆ ಕಿತ್ತು ಕೊಟ್ಟೆ. ಕರಗಿ ಕರ್ರಗೆ ಗಂಟಾಯಿತು. ಪಕ್ಕದಲ್ಲೇ ಹೆಣೆಯುತ್ತಾ ಕೂತಿದ್ದ ಸೊಸೆ ಎದ್ದು ಒಳಗೆ ಹೋದಳು. ಉಳಿದವರು ನಗಲಿಲ್ಲ, ಎಲ್ಲರಿಗೂ ಒಟ್ಟಿಗೇ ಕೆಮ್ಮು ಬಂತು.

ಒಲೆ ಹಚ್ಚಲು ಹೊರಟ ಶಾಂತವ್ವನನ್ನು ಕೂರಿಸಿ ಚಹಾ ನಾನೇ ಮಾಡಿದೆ. ನಿಯಮ ನಿಯಮವೇ. "ಶುಂಠಿ ಹಾಕ್ರಿ ಅಕ್ಕಾರ" ಎಂದು ಹೊರಗಿನಿಂದ ಕೂಗಿದಳು. ಹಾಕಿದೆ. ಅವಳ ಕಪ್ಪಿಗೆ ಸಕ್ಕರೆ ಮಾತ್ರ ಹಾಕಲಿಲ್ಲ.