ಬೆಲ್ಲುವಿನ ಸ್ನಾನಕ್ಕೆ ಮೂರು ಬಾಟಲಿ

ಶಾಲೆಯ ಲ್ಯಾಬ್ ಅಟೆಂಡರಿಗೆ ಮಕ್ಕಳು ಇಟ್ಟ ಹೆಸರು ಲಿಟ್ಮಸ್ ಸಾರ್. ಹೆಸರು ಸುಮ್ಮನೆ ಬಂದದ್ದಲ್ಲ. ಹುಳಿಯೋ ಕ್ಷಾರವೋ ಎಂದು ತೋರಿಸುವ ಆ ನೀಲಿ, ಕೆಂಪು ಕಾಗದದ ಚೂರುಗಳು ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದವು. ಮನೆಗೆ ಹೊಸ ಸೋಪು ಬಂದರೆ ಅದಕ್ಕೊಂದು ಚೂರು, ನಲ್ಲಿ ನೀರಿನ ಬಣ್ಣ ಕೆಟ್ಟರೆ ಅದಕ್ಕೊಂದು ಚೂರು. ಒಮ್ಮೆ ಹೆಡ್‌ಮಾಸ್ಟರರ ಟೀಗೂ ಅದ್ದಿ ಚೆನ್ನಾಗಿ ಬೈಸಿಕೊಂಡಿದ್ದರು. ಬಾಟಲಿಯ ಮೇಲೆ ಬರೆದದ್ದನ್ನು ಅವರು ನಂಬುವವರೇ ಅಲ್ಲ. ಮೂವತ್ತೊಂದು ವರ್ಷ ಬಾಟಲಿಗಳಿಗೆ ಚೀಟಿ ಅಂಟಿಸಿದವರು ಅವರೇ ತಾನೆ. ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸುತ್ತ ಅಂಟಿಸಿದ ಚೀಟಿಗಳ ಹಣೆಬರಹ ಅವರಿಗಲ್ಲದೆ ಇನ್ಯಾರಿಗೆ ಗೊತ್ತು?

ಇಂಥ ಮನುಷ್ಯ ಒಂದು ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಶಾಂಪೂ ಬಾಟಲಿಗಳ ಮುಂದೆ ನಿಂತು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

ಕಾರಣ, ಬೆಲ್ಲು. ಶಾಲೆಯ ಕೊನೆಯ ಬೆಲ್ಲು ಹೊಡೆಯುವ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ಬಂದು ಕೂರುತ್ತಿದ್ದ ಬೀದಿನಾಯಿಯನ್ನು ಒಂಬತ್ತು ವರ್ಷದ ಹಿಂದೆ ಮನೆಗೆ ಕರೆತಂದವರು ಸಾರೇ. ಮನೆಯಲ್ಲಿ ಇರುವುದು ಅವರು ಮತ್ತು ಅವರ ಅಕ್ಕ, ಇಬ್ಬರೇ. ಬೆಲ್ಲು ಮಲಗುತ್ತಿದ್ದದ್ದು ಸಾರ್ ಮಂಚದ ಕೆಳಗೆ, ಸಾರ್ ಎದ್ದರೆ ಏಳುತ್ತಿತ್ತು. ಹೋದ ವರ್ಷ, ಅಕ್ಕ ಮನೆಯಲ್ಲಿಲ್ಲದ ಒಂದು ದಿನ, ಸಾರ್ ಅದಕ್ಕೆ ಸ್ನಾನ ಮಾಡಿಸಿದರು. ಸಂಜೆಗೆ ಹೊಟ್ಟೆ, ತೊಡೆಯೆಲ್ಲ ಕೆಂಪೇರಿತು. ಮಾರನೆಯ ದಿನ ಚರ್ಮ ಸುಲಿದು ಬಂತು. ಏನು ಹಾಕಿದಿರಿ ಎಂದು ಪ್ರಾಣಿ ಡಾಕ್ಟರು ಕೇಳಿದರು, ಸಾರ್ ಶಾಂಪೂ ಹೆಸರು ಹೇಳಿದರು, ಹಾಗಾದರೆ ಅದನ್ನು ಬಿಡಿ ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ವಯಸ್ಸಾದ ನಾಯಿ, ಇನ್ನೊಮ್ಮೆ ಹೀಗಾದರೆ ಕೀವು ಹಿಡಿದೀತು, ಆಮೇಲೆ ಉಳಿಸುವುದು ಕಷ್ಟ. ಅಂದಿನಿಂದ ಬೆಲ್ಲು ಮಲಗುವುದು ಅಕ್ಕನ ಮಂಚದ ಕೆಳಗೆ. ಸಾರ್ ಹತ್ತಿರ ಬಂದರೆ ಎದ್ದು ಆಚೆ ಹೋಗುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಸಾರ್‌ಗೆ ಇದರಿಂದ ಆದ ದುಃಖ ಅಷ್ಟಿಷ್ಟಲ್ಲ.

ಈಗ ಅದೇ ಬೆಲ್ಲು ಗ್ಯಾರೇಜಿನ ಹಿಂದೆ ಹಳೇ ಎಂಜಿನ್ ಆಯಿಲ್ ಸುರಿಯುವ ಗುಂಡಿಯಲ್ಲಿ ಹೊರಳಿ, ಮೂತಿಯೊಂದು ಬಿಟ್ಟು ಮೈಯೆಲ್ಲ ಕಪ್ಪಾಗಿ ಮನೆಗೆ ಬಂದಿತ್ತು.

"ನೋಡು, ಸ್ನಾನ ಮಾಡಿಸದೆ ವಿಧಿಯಿಲ್ಲ," ಎಂದಿದ್ದರು ಅಕ್ಕ. "ನೆಕ್ಕಿಕೊಳ್ತಾ ಇದೆ, ಆ ಎಣ್ಣೆ ಹೊಟ್ಟೆಗೆ ಹೋದರೆ ಗತಿ ಏನು? ಆದರೆ ಈ ಸಲವೂ ಚರ್ಮ ಸುಲೀತೋ, ನಾನು ಇದನ್ನ ಟೈಲರಮ್ಮನ ಮನೆಗೆ ಕೊಟ್ಟುಬಿಡ್ತೀನಿ. ಅಲ್ಲಾದ್ರೂ ಬದುಕಲಿ."

ಅಕ್ಕ ಹೇಳಿದರೆ ಹೇಳಿದ ಹಾಗೇ. ಸಾರ್ ಚಪ್ಪಲಿ ಮೆಟ್ಟಿಕೊಂಡು ಓಡಿದರು.

ಮೊದಲು ಹೋದದ್ದು ಪ್ರಾಣಿ ಆಸ್ಪತ್ರೆಗೆ. ಡಾಕ್ಟರು ಇರಲಿಲ್ಲ, ಕಾಂಪೌಂಡರ್ ಇದ್ದ.

"ಹೋದ ಸಲ ಕೊಟ್ಟಿದ್ನಲ್ಲ ಸಾರ್, ಅದನ್ನೇ ಹಾಕಿ. ವಾಸನೆ ಇಲ್ಲ, ಬಣ್ಣ ಇಲ್ಲ. ಅದಕ್ಕಿಂತ ಸಾಧು ಶಾಂಪೂ ಇನ್ನೊಂದಿಲ್ಲ."

"ಅದೇ ಅಲ್ವೇನ್ರೀ ಚರ್ಮ ಕಿತ್ತಿದ್ದು!"

"ಅದನ್ನ ಇನ್ನೂರು ನಾಯಿಗೆ ಹಾಕಿದೀನಿ ಸಾರ್, ಒಂದೂ ಕುಂಯ್ ಅಂದಿಲ್ಲ. ನಿಮ್ಮ ನಾಯಿ ಏನು ಆಕಾಶದಿಂದ ಉದುರಿದ್ದಾ?"

ಸುಳ್ಳು ಹೇಳುವವನ ಮುಖ ಹೀಗಿರುವುದಿಲ್ಲ. ಹಾಗೆಂದು ನಂಬುವುದಾದರೂ ಹೇಗೆ? ಸಾರ್ ಗೊಂದಲದ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡೇ ಅಂಗಡಿಗೆ ಬಂದರು. ಅಲ್ಲಿ ಚಿಗಟಕ್ಕೆ ಒಂದು, ಉದುರುವ ಕೂದಲಿಗೆ ಒಂದು, ಬಿಳಿ ನಾಯಿ ಇನ್ನೂ ಬೆಳ್ಳಗಾಗಲು ಒಂದು. ಎಂಜಿನ್ ಆಯಿಲಿನಲ್ಲಿ ಬಿದ್ದ ನಾಯಿಗೆ ಎಂದು ಯಾವ ಪುಣ್ಯಾತ್ಮನೂ ತಯಾರಿಸಿರಲಿಲ್ಲ. ಅಂಗಡಿಯಾಕೆ ಮಕ್ಕಳ ಶಾಂಪೂ ಕೈಗಿಟ್ಟು, "ಕಣ್ಣಿಗೆ ಬಿದ್ದರೂ ಉರಿಯಲ್ಲ, ಸುಮ್ನೆ ತಗೊಂಡು ಹೋಗಿ," ಎಂದಳು. ಕೆಮಿಸ್ಟ್ರಿ ಮೇಡಂಗೆ ಫೋನ್ ಮಾಡಿದರೆ, "ಮನುಷ್ಯರದ್ದು ಮುಟ್ಟಲೇಬೇಡಿ. ನಾಯಿ ಚರ್ಮ ನಮ್ಮದಕ್ಕಿಂತ ತೆಳು, ಅದರ ಹುಳಿ ಕ್ಷಾರದ ಲೆಕ್ಕವೇ ಬೇರೆ. ಓಟ್ಸ್ ಹಾಕಿದ್ದು ಸಿಗುತ್ತೆ, ನೋಡಿ," ಎಂದರು. ಇಬ್ಬರ ಮಾತೂ ಸರಿಯೆನಿಸಿತು. ಹಾಗಾಗಿ ಎರಡನ್ನೂ ಕೊಂಡರು.

ಮನೆಯಲ್ಲಿ ಹೋದ ವರ್ಷದ ಬಾಟಲಿ ಅರ್ಧ ಉಳಿದಿತ್ತು. ಸಾರ್ ಅದನ್ನೂ ಹೊರಗೆ ತೆಗೆದು, ಅಡುಗೆಮನೆಯ ಕಟ್ಟೆಯ ಮೇಲೆ ಮೂರನ್ನೂ ಸಾಲಾಗಿ ಇಟ್ಟು, ಒಂದೊಂದು ಹನಿಗೆ ಒಂದೊಂದು ಚೂರು ಕಾಗದ ಅದ್ದಿದರು. ಮಕ್ಕಳ ಶಾಂಪೂವಿಗೆ ನೀಲಿ ಕಾಗದ ತುಸು ಕೆಂಪಾಯಿತು. ಓಟ್ಸಿನದಕ್ಕೆ ಏನೂ ಆಗಲಿಲ್ಲ. ಹಳೆಯದಕ್ಕೂ ಏನೂ ಆಗಲಿಲ್ಲ! ಎರಡನೇ ಸಲ ಅದ್ದಿದರು, ಮೂರನೇ ಸಲ ಅದ್ದಿದರು. ನಾಯಿಯ ಚರ್ಮ ಕಿತ್ತ ಅಪರಾಧಿ ನಿರಪರಾಧಿಯಂತೆ ಕೂತಿತ್ತು.

ಸರಿ, ಕಾಗದ ಬೇಡ, ಚರ್ಮವೇ ಹೇಳಲಿ ಎಂದು ಬಲಗೈಯಿಂದ ಎಡಗೈಯ ಮೇಲೆ ಒಂದು, ಎರಡು, ಮೂರು ಎಂದು ಪೆನ್ನಿನಲ್ಲಿ ಬರೆದು, ಪ್ರತಿ ಅಂಕಿಯ ಕೆಳಗೂ ಒಂದೊಂದು ಶಾಂಪೂ ತಿಕ್ಕಿಕೊಂಡು ಅರ್ಧ ಗಂಟೆ ಕೂತರು. ಉರಿಯೂ ಇಲ್ಲ, ತುರಿಕೆಯೂ ಇಲ್ಲ. ತಲೆ ಚಿಟ್ಟು ಹಿಡಿಯಿತು.

"ಇನ್ನೂ ಆಗ್ಲಿಲ್ವೇನೋ ನಿನ್ನ ಪರೀಕ್ಷೆ?" ಅಕ್ಕ ಹಿತ್ತಲಿನಿಂದ ಕೂಗಿದರು. ಮೈಗಂಟಿದ ಆಯಿಲ್ ಸಡಿಲವಾಗಲೆಂದು ಅವರಾಗಲೇ ನಾಯಿಗೆ ಅಡುಗೆ ಎಣ್ಣೆ ಸವರಿ, ಹಳೇ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದರು.

"ಓಟ್ಸಿಂದೇ ಹಾಕೋಣ ಅಕ್ಕ. ಅದು ಹೊಸದು, ಅದರ ಮೇಲೆ ಯಾವ ದೂರೂ ಇಲ್ಲ."

ಸಾರ್ ಒಲೆಯ ಮೇಲಿದ್ದ ನೀರನ್ನು ಬಕೆಟ್ಟಿಗೆ ಸುರಿದು, ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ, ಉಗುರುಬೆಚ್ಚಗಿದೆ ಎಂದುಕೊಂಡು ಹಿತ್ತಲಿಗೆ ತಂದಿಟ್ಟರು. ಅವರನ್ನು ಕಂಡ ಕೂಡಲೇ ಬೆಲ್ಲು ಅಕ್ಕನ ಹಿಂದೆ ಅಡಗಿತು.

"ನೀನು ಬೇಡ, ನಾನೇ ಹಾಕ್ತೀನಿ," ಎಂದು ಅಕ್ಕ ಚೊಂಬು ಹಿಡಿದು ಬಕೆಟ್ಟಿಗೆ ಕೈ ಹಾಕಿದರು. ಹಾಕಿದವರೇ ಕಿಟಾರನೆ ಕಿರುಚಿ ಕೈ ಎಳೆದುಕೊಂಡರು. ಚೊಂಬು ಉರುಳಿತು.

"ಏನೋ ಇದು, ಕುದಿಯೋ ನೀರು!"

"ಬೆಚ್ಚಗಿದೆ ಅಷ್ಟೆ ಅಕ್ಕ." ಸಾರ್ ತಮ್ಮ ಕೈಯನ್ನು ಮಣಿಕಟ್ಟಿನ ತನಕ ಮುಳುಗಿಸಿ ತೋರಿಸಿದರು. "ನೋಡು."

ಅಕ್ಕ ಅವರ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿದ್ದಾನೆಯೇ? ಅಲ್ಲ. ತಟ್ಟನೆ ಆ ಕೈಯನ್ನು ಹಿಡಿದು ಹೊರಗೆಳೆದರು. ಕೈ ಕೆಂಪಗೆ ಹಬೆಯಾಡುತ್ತಿತ್ತು. ಅಕ್ಕ ಇನ್ನೊಂದು ಬಕೆಟ್ಟಿಗೆ ಬರೀ ನಲ್ಲಿ ನೀರು ಹಿಡಿದು ಪಕ್ಕದಲ್ಲಿಟ್ಟರು.

"ಕಣ್ಣು ಮುಚ್ಚು. ಒಂದೊಂದರಲ್ಲಿ ಬೆರಳ ತುದಿ ಅದ್ದಿಸ್ತೀನಿ. ಯಾವುದು ಬಿಸಿ, ಯಾವುದು ತಣ್ಣಗೆ, ಹೇಳು."

ಮೂವತ್ತೊಂದು ವರ್ಷ ಊರಿನ ವಸ್ತುಗಳನ್ನೆಲ್ಲ ಪರೀಕ್ಷಿಸಿದ ಮನುಷ್ಯ ಈಗ ಕಣ್ಣು ಮುಚ್ಚಿ ಪರೀಕ್ಷೆಗೆ ಕೂತರು. ಅಕ್ಕ ಬೆರಳನ್ನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಅದ್ದಿಸಿದರು. ಸಾರ್ ಬಹಳ ಹೊತ್ತು ಯೋಚಿಸಿದರು.

"ಎರಡೂ ಒಂದೇ ಥರ ಇದೆಯಲ್ಲ?"

ಆ ಕೈಗೆ ಬಿಸಿ, ತಣ್ಣಗೆ ಎರಡೂ ತಿಳಿಯುತ್ತಿಲ್ಲ ಎಂದು ಅಕ್ಕನಿಗೆ ಹೊಳೆಯಿತು. ಗ್ಲೋವ್ಸ್ ಎಂಬುದನ್ನು ಕಾಣದೆ ಆಸಿಡ್ಡಿನಲ್ಲಿ, ಕಾಸ್ಟಿಕ್ ಸೋಡಾದಲ್ಲಿ ಗಾಜಿನ ಪ್ರನಾಳಗಳನ್ನು ತಿಕ್ಕಿ ತೊಳೆದ ಕೈ ಅದು. ಎಂದಿನಿಂದ ಹೀಗೆ ಎಂದು ಕೇಳಿದರೆ ಸಾರ್‌ಗೇ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ರಾತ್ರಿ ಬೆಳಗಾಗುವುದರಲ್ಲಿ ಆದದ್ದಲ್ಲವಲ್ಲ. ನಾಯಿಯ ಮೈ ಸುಟ್ಟಾಗಲೂ ಆಸಿಡ್ಡಿನ ನಡುವೆ ಬದುಕಿದ ಈ ಮನುಷ್ಯನಿಗೆ ಅನುಮಾನ ಬಂದದ್ದು ಬಾಟಲಿಯ ಮೇಲೆ. ನೀರಿನ ಮೇಲೆ ಬರಲಿಲ್ಲ.

"ಸೋಮವಾರ ನಿನ್ನ ಕೈನ ಡಾಕ್ಟರಿಗೆ ತೋರಿಸೋಣ," ಎಂದರು ಅಕ್ಕ, ಸುಮ್ಮನೆ ಮಾತಿಗೆ ಹೇಳಿದ ಹಾಗೆ. "ಈಗ ಶಾಂಪೂ ಕೊಡು."

"ಯಾವುದು ಕೊಡ್ಲಿ?"

"ಕಾಂಪೌಂಡರ್ ಕೊಟ್ಟಿದ್ದೇ ಕೊಡು."

ಅಕ್ಕ ಬಿಸಿನೀರಿಗೆ ಮತ್ತಷ್ಟು ತಣ್ಣೀರು ಬೆರೆಸಿ, ತಮ್ಮ ಮೊಣಕೈ ತಾಗಿಸಿ ನೋಡಿ, ಚೊಂಬಿನಿಂದ ಮೆಲ್ಲಗೆ ಸುರಿದರು. ಬೆಲ್ಲು ಅಲ್ಲಾಡದೆ ನಿಂತಿತ್ತು. ನೊರೆ ಕಪ್ಪಾಗಿ ಹರಿಯಿತು, ಎರಡನೇ ಸಲ ಬೂದಿ ಬಣ್ಣಕ್ಕೆ ತಿರುಗಿತು. ಮೂರನೇ ಸಲಕ್ಕೆ ನಾಯಿ ಸುಖವಾಗಿ ಕಣ್ಣು ಮುಚ್ಚಿತು. ಸಾರ್ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

"ಹೋದ ವರ್ಷ ಕಿರುಚ್ತು ಅಕ್ಕ," ಎಂದರು. "ಮೊದಲನೇ ಚೊಂಬಿಗೇ ಕಿರುಚ್ತು. ನಾಟಕ ಆಡ್ಬೇಡ ಅಂತ ಗದರಿಸ್ದೆ. ಕತ್ತು ಅಮುಕಿ ಹಿಡ್ಕೊಂಡು ಇಡೀ ಬಕೆಟ್ ಸುರಿದೆ."

ಅಕ್ಕ ಟವಲನ್ನು ಅವರ ಮಡಿಲಿಗೆ ಎಸೆದು, "ಒರೆಸು, ಚಳಿಗೆ ನಡುಗ್ತಿದೆ," ಎಂದರು.

ಸಾರ್ ಟವಲ್ ಹಿಡಿದು ನಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಅದು ಹಿಂದೆ ಸರಿಯಿತು, ಆದರೆ ಓಡಲಿಲ್ಲ. ಎಷ್ಟು ಒತ್ತಿದರೆ ನೋಯುತ್ತದೆ, ಎಷ್ಟು ಒತ್ತಿದರೆ ನೋಯುವುದಿಲ್ಲ ಎಂಬುದು ಈಗ ಅವರಿಗೆ ಗೊತ್ತಿರಲಿಲ್ಲ. ಟವಲನ್ನು ಬೆನ್ನಿಗೆ ತಾಗಿಯೂ ತಾಗದಂತೆ ಇಟ್ಟರು.

"ನೋವಾದ್ರೆ ಕಿರುಚೋ," ಎಂದು ಬೆಲ್ಲುವಿನ ಕಿವಿಯ ಹತ್ತಿರ ಹೇಳಿದರು. "ಈ ಸಲ ಗದರಿಸಲ್ಲ."