ಹಾಗನ್ ಮನೆಯವರ ಹೆಸರಿಲ್ಲದ ಕೆರೆ

ಡೆಲ್ಬರ್ಟ್ ಹಾಗನ್‌ನನ್ನು ಸುಳ್ಳುಗಾರ ಎಂದರೆ ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ಬ್ರೇಕು ಸರಿಯಿಲ್ಲವೆಂದರೆ ಇಲ್ಲ, ಹೆಡ್‌ಮಾಸ್ಟರು ಎಷ್ಟೇ ಹಲ್ಲು ಕಡಿದರೂ ಬಸ್ಸು ಶೆಡ್ಡು ಬಿಟ್ಟು ಕದಲುತ್ತಿರಲಿಲ್ಲ. ಅಂಥವನು ಸುಳ್ಳು ಹೇಳುತ್ತಿದ್ದುದು ವರ್ಷಕ್ಕೊಂದು ಸಲ, ಅದೂ ಬರವಣಿಗೆಯಲ್ಲಿ.

ವಿಂಡ್ ರಿವರ್ ಬೆಟ್ಟಗಳಿಗೆ ಕಾಲುದಾರಿ ಶುರುವಾಗುವ ಕಡೆ ಒಂದು ಕಂಬ, ಕಂಬದ ಮೇಲೊಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಪುಸ್ತಕ. ಬೆನ್ನಿಗೆ ಚೀಲ ಏರಿಸಿಕೊಂಡು ಮೇಲೆ ಹೋಗುವವರೆಲ್ಲ ಹೆಸರು, ಎಷ್ಟು ಜನ, ಯಾವ ಸರೋವರಕ್ಕೆ, ಯಾವತ್ತು ವಾಪಸು ಎಂದು ಅದರಲ್ಲಿ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕಲು ಅದೇ ಆಧಾರ. ಆದರೆ ಮೀನು ಹಿಡಿಯುವವನಿಗೆ ತನ್ನ ಕೆರೆಯ ಹೆಸರು ಬರೆಯುವುದೆಂದರೆ ಹೆಂಡತಿಯ ಒಡವೆ ಎಲ್ಲಿದೆಯೆಂದು ಬೀದಿಯಲ್ಲಿ ಸಾರಿದಂತೆ. ಆ ಸೀಮೆಯಲ್ಲಿ ಒಳ್ಳೆಯ ಮೀನು ಕಂಡವರು ಯಾರೂ ಆ ಪುಸ್ತಕದಲ್ಲಿ ನಿಜ ಬರೆದವರಲ್ಲ. ಡೆಲ್ಬರ್ಟ್ ಪ್ರತಿ ವರ್ಷ ಫಿಡ್ಲರ್ ಸರೋವರ ಎಂದು ಬರೆದು, ಮೊದಲ ಮೈಲಿ ಆ ಕಡೆಗೇ ನಡೆದು, ಆಮೇಲೆ ಹೊಳೆ ದಾಟಿ ಬೇರೆ ದಿಕ್ಕು ಹಿಡಿಯುತ್ತಿದ್ದ.

ಅವನ ಕೆರೆಗೆ ನಕ್ಷೆಯಲ್ಲಿ ಹೆಸರಿರಲಿಲ್ಲ. ಎರಡು ದಿನದ ನಡಿಗೆ. ಎರಡನೆಯ ದಿನ ದಾರಿಯೇ ಇಲ್ಲ, ಕಾಲಿಟ್ಟರೆ ಅಲುಗಾಡುವ ಬಂಡೆಗಳ ಇಳಿಜಾರು, ಅದನ್ನು ದಾಟಿದರೆ ಬಟ್ಟಲಿನಂಥ ನೀರು. ಡೆಲ್ಬರ್ಟನ ಅಪ್ಪ ನಿಲ್ಸ್ ಹಾಲಿನ ಕ್ಯಾನುಗಳಲ್ಲಿ ಟ್ರೌಟ್ ಮೀನಿನ ಮರಿಗಳನ್ನು ತುಂಬಿ, ಹೇಸರಗತ್ತೆಯ ಮೇಲೆ ಹೇರಿ, ಸಿಕ್ಕ ತೊರೆಯಲ್ಲೆಲ್ಲ ನೀರು ಬದಲಿಸುತ್ತ ಅಲ್ಲಿಯವರೆಗೆ ಒಯ್ದು ಬಿಟ್ಟಿದ್ದ. ಹೊತ್ತೊಯ್ದ ಇನ್ನೂರರಲ್ಲಿ ಬದುಕಿ ನೀರು ಕಂಡವು ಅರವತ್ತು. ಈಗಿನ ಮೀನುಗಳು ಅವುಗಳ ಸಂತಾನ: ಮೈಯೆಲ್ಲ ಚಿನ್ನದ ಬಣ್ಣ, ಹೊಟ್ಟೆ ಕೆಂಪು. ಸಂಜೆ ಒಂದನ್ನು ಹಿಡಿದು, ಜೋಳದ ಹಿಟ್ಟು ಸವರಿ, ಬೆಣ್ಣೆಯಲ್ಲಿ ಹುರಿದು ತಿಂದವನಿಗೆ ಊಟವೆಂದರೆ ಏನೆಂದು ಮತ್ತೆ ಹೇಳಿಕೊಡಬೇಕಾಗಿಲ್ಲ. ಸಾಯುವಾಗ ನಿಲ್ಸ್ ಮಗನಿಗೆ ಬಿಟ್ಟುಹೋದದ್ದು ಒಂದು ಬಂದೂಕು, ಒಂದು ಬಿದಿರಿನ ಗಾಳದ ಕೋಲು ಮತ್ತು ಈ ಕೆರೆ. ಕೊನೆಯದನ್ನು ಬಾಯಿಗೆ ಬೀಗ ಹಾಕಿಸಿಯೇ ಕೊಟ್ಟಿದ್ದ.

ಡೆಲ್ಬರ್ಟ್ ಅದನ್ನು ಹಾಗೆಯೇ ಮಗಳು ಕಾರ್ಲೀನಳಿಗೆ ದಾಟಿಸಿದ. ಅವಳಿಗೆ ಒಂಬತ್ತು ವರ್ಷವಿದ್ದಾಗ ಮೊದಲ ಸಲ ಕರೆದುಕೊಂಡು ಹೋಗಿ, ಪೆಟ್ಟಿಗೆಯ ಮುಂದೆ ನಿಲ್ಲಿಸಿ ಪೆನ್ಸಿಲ್ ಕೊಟ್ಟ.

"ಬರಿ. ಫಿಡ್ಲರ್."

"ನಾವು ಅಲ್ಲಿಗೆ ಹೋಗ್ತಿಲ್ವಲ್ಲಪ್ಪ."

"ಅದಕ್ಕೇ ಬರಿ ಅಂದಿದ್ದು."

ಹುಡುಗಿ ನಗುತ್ತ ಬರೆದಳು. ಆ ನಗು ಅಪ್ಪನಿಗೆ ಎಷ್ಟು ಹಿತವಾಗಿತ್ತೆಂದರೆ, ಹೆಂಡತಿ ಓಪಲ್ ತೀರಿಕೊಂಡ ಮೇಲೂ ಅದನ್ನು ನೆನೆದುಕೊಂಡೇ ಎಷ್ಟೋ ಚಳಿಗಾಲ ಕಳೆದ.

ಊರಿನಲ್ಲಿ ಗಾಳ, ದಾರ ಮಾರುವ ಅಂಗಡಿ ಐರಾ ಪ್ರೂಯಿಟ್‌ನದು. ಕಾಣೆಯಾದವರನ್ನು ಹುಡುಕುವ ಸ್ವಯಂಸೇವಕರ ತಂಡಕ್ಕೂ ಅವನೇ ಮುಖ್ಯಸ್ಥ. ಡೆಲ್ಬರ್ಟ್ ತಂದ ಚಿನ್ನದ ಬಣ್ಣದ ಮೀನೊಂದನ್ನು ಎಂದೋ ನೋಡಿದಂದಿನಿಂದ ಅವನಿಗೆ ನಿದ್ದೆಯಿಲ್ಲ.

"ಈ ಸಲಾನೂ ಫಿಡ್ಲರಿಗೇ ಹೋಗಿದ್ಯಾ?" ಎಂದು ಪ್ರತಿ ಆಗಸ್ಟಿನಲ್ಲೂ ಕೇಳುತ್ತಿದ್ದ. "ಫಿಡ್ಲರಲ್ಲಿ ಇಪ್ಪತ್ತು ವರ್ಷದಿಂದ ನಾನು ಹಿಡಿದಿರೋದು ಬರೀ ನೆಗಡಿ ಕಣಯ್ಯ."

"ನಿನ್ನ ಅಂಗಡಿ ಗಾಳ ಹಾಕಿದ್ರೆ ಇನ್ನೇನು ಸಿಗುತ್ತೆ?"

"ನಿಮ್ಮಪ್ಪನೂ ಹಿಂಗೇ. ಪಾದ್ರಿ ಪಕ್ಕದಲ್ಲಿ ಕೂತಿದ್ರೂ ಬಾಯಿ ಬಿಡದೆ ಸತ್ತ."

ಹೀಗೆ ಮೂವತ್ತು ವರ್ಷ ನಡೆದಿತ್ತು. ಇಬ್ಬರಿಗೂ ಇದೊಂದು ಆಟ. ಆದರೆ ಆಟದಲ್ಲಿ ಸೋಲಲು ಡೆಲ್ಬರ್ಟನಿಗೆ ಮನಸ್ಸಿರಲಿಲ್ಲ.

ಅವನ ಎರಡೂ ಮಂಡಿ ಕೈಕೊಟ್ಟ ವರ್ಷ, ಸೆಪ್ಟೆಂಬರಿನಲ್ಲಿ, ಮೂವತ್ತೆಂಟರ ಕಾರ್ಲೀನ್ ಒಬ್ಬಳೇ ಹೊರಟಳು. ಬುಧವಾರ ಹೋದವಳು ಭಾನುವಾರ ಸಂಜೆಗೆ ಬರಬೇಕಿತ್ತು. ಶನಿವಾರ ಅಕಾಲದ ಹಿಮ ಬಿತ್ತು. ಭಾನುವಾರ ಕತ್ತಲಾದರೂ ಬರಲಿಲ್ಲ. ಡೆಲ್ಬರ್ಟ್ ಐರಾನಿಗೆ ಫೋನು ಮಾಡಿದ. ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಐರಾ ಎಂಟು ಜನರೊಂದಿಗೆ ಕಂಬದ ಬಳಿ ಇದ್ದ, ಡೆಲ್ಬರ್ಟನೂ ಇದ್ದ. ಕಾರ್ಲೀನಳ ಗಾಡಿ ಅಲ್ಲೇ ನಿಂತಿತ್ತು, ಗಾಜಿನ ಮೇಲೆ ಒಂದು ಗೇಣು ಹಿಮ.

ಐರಾ ಪುಸ್ತಕ ತೆಗೆದು ಬೆರಳಿಟ್ಟು ಓದಿದ. "ಕಾರ್ಲೀನ್ ಹಾಗನ್. ಒಬ್ಬಳೇ. ಫಿಡ್ಲರ್ ಸರೋವರ." ತಲೆಯೆತ್ತಿ ಡೆಲ್ಬರ್ಟನ ಮುಖ ನೋಡಿದ. "ಫಿಡ್ಲರ್‌ಗೇನಾ?"

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಅದು ನಿಜವಾಗಿಯೂ ಕೇಳಿದ ಪ್ರಶ್ನೆ.

"ಬರೆದಿದಾಳಲ್ಲ," ಎಂದ ಡೆಲ್ಬರ್ಟ್.

ಅಷ್ಟೇ. ಅದು ಸುಳ್ಳೂ ಅಲ್ಲವಲ್ಲ ಎಂದು ಆ ಕ್ಷಣ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಿಮದಿಂದ ಒಂದು ದಿನ ತಡವಾಗಿದೆ, ಗಟ್ಟಿ ಹುಡುಗಿ, ಮಧ್ಯಾಹ್ನದೊಳಗೆ ತಾನಾಗಿ ಇಳಿದು ಬರುತ್ತಾಳೆ. ಈಗ ಬಾಯಿಬಿಟ್ಟರೆ ನಾಳೆ ಐರಾನ ಅಂಗಡಿಯಲ್ಲಿ, ನಾಡಿದ್ದು ಇಡೀ ಜಿಲ್ಲೆಯಲ್ಲಿ ಅಪ್ಪನ ಕೆರೆ ಡಂಗುರವಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಮಗಳ ಜೀವವನ್ನು ತಕ್ಕಡಿಯ ಒಂದು ತಟ್ಟೆಗೆ, ಮೀನನ್ನು ಇನ್ನೊಂದಕ್ಕೆ ಇಟ್ಟು ತೂಗಿದನೆಂದು ನಾವು ಸುಲಭವಾಗಿ ಹೇಳಿಬಿಡಬಹುದು. ಆದರೆ ತೂಗುತ್ತಿದ್ದೇನೆಂಬುದು ಅವನಿಗೇ ಗೊತ್ತಿರಲಿಲ್ಲ. ಅರವತ್ತು ವರ್ಷದ ಅಭ್ಯಾಸ ಅವನ ಬಾಯಿಂದ ಮಾತಾಡಿತ್ತು.

ಎಂಟು ಗಂಟೆಗೆ ಹೆಲಿಕಾಪ್ಟರ್ ಬಂತು. ಆಕಾಶ ತಿಳಿಯಾಗಿತ್ತು. ಅದು ಅವನ ತಲೆಯ ಮೇಲೆ ಹಾದು ಫಿಡ್ಲರ್ ಕಡೆ ತಿರುಗಿತು. ಹತ್ತಾಯಿತು, ಹನ್ನೆರಡಾಯಿತು. ಯಾರೋ ಕಾಫಿ ಕೊಟ್ಟರು, ಅದು ಅವನ ಕೈಯಲ್ಲೇ ಆರಿತು. ಇಳಿದು ಬರುವ ದಾರಿಯ ಮೇಲಿಟ್ಟ ಕಣ್ಣು ಕೀಳಲಿಲ್ಲ. ಒಂದು ಗಂಟೆಗೆ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಎರಡು ಗಂಟೆಗೆ ಎದ್ದು ಹೋಗಿ ಐರಾನ ತೋಳು ಹಿಡಿದ.

"ಅಲ್ಲಿಲ್ಲ ಅವಳು."

"ಎಲ್ಲಿದಾಳೆ?"

"ಹೆಸರಿಲ್ಲ ಅದಕ್ಕೆ. ನಕ್ಷೆ ಕೊಡು."

ಪೆನ್ಸಿಲಿನಿಂದ ಗೆರೆ ಎಳೆದ. ಮನೆಯ ಹೊರಗಿನವರಿಗೆ ಆ ಕೆರೆ ತೋರಿಸಿದ್ದು ಇದೇ ಮೊದಲು. ಮೂವತ್ತು ವರ್ಷದಿಂದ ಇದಕ್ಕಾಗಿ ಕಾದಿದ್ದ ಐರಾ ಆ ಗುರುತನ್ನು ಒಮ್ಮೆ ನೋಡಿದ, ಅಷ್ಟೇ.

"ಬೆಳಿಗ್ಗೆ ಕೇಳಿದೆನಲ್ಲೋ ಡೆಲ್ಬರ್ಟ್," ಎಂದ. ದನಿ ಏರಿಸಲಿಲ್ಲ. "ಮುಖ ನೋಡಿ ಕೇಳಿದೆನಲ್ಲೋ."

ಅಷ್ಟರಲ್ಲಿ ಮೋಡ ಶಿಖರಗಳನ್ನು ನುಂಗಿತ್ತು. ಹೆಲಿಕಾಪ್ಟರ್ ಏಳಲಾಗಲಿಲ್ಲ. ನಾಲ್ಕು ಜನ ನಡೆದೇ ಹೊರಟರು, ಐರಾನೇ ಮುಂದೆ. ಮಂಗಳವಾರ ಮಧ್ಯಾಹ್ನ ತಲುಪಿದರು. ಕೆರೆಯ ಪಕ್ಕದ ಇಳಿಜಾರಿನಲ್ಲಿ ಬಂಡೆಯೊಂದು ಉರುಳಿ ಕಾರ್ಲೀನಳ ಎಡಗಾಲನ್ನು ಹಿಡಿದಿತ್ತು. ಶುಕ್ರವಾರದಿಂದ ಅಲ್ಲೇ ಇದ್ದಳು. ಮಲಗುವ ಚೀಲವನ್ನು ಸೊಂಟದವರೆಗೆ ಎಳೆದುಕೊಂಡಿದ್ದಳು. ಹಿಡಿದಿದ್ದ ಎರಡು ಮೀನುಗಳನ್ನು ಹಸಿಯಾಗಿಯೇ ತಿಂದಿದ್ದಳು. ಬದುಕಿದ್ದಳು. ಕಾಲು ಮಾತ್ರ ಹಿಮದಲ್ಲಿ ಸತ್ತಿತ್ತು. ಡಾಕ್ಟರು ಪಾದದ ಗಂಟಿನ ಮೇಲಕ್ಕೆ ಕತ್ತರಿಸಿದರು. ಒಂದು ದಿನ ಮುಂಚೆ ಬಂದಿದ್ದರೆ ಬಹುಶಃ ಬೆರಳುಗಳಷ್ಟೇ ಹೋಗುತ್ತಿದ್ದವು ಎಂದು ಹೇಳಿದವರು ಅವರೇ. ಅವರು ಅದನ್ನು ಮರುಕದಿಂದಲೇ ಹೇಳಿದರು.

ಮೂರನೆಯ ದಿನ ಐರಾ ಆಸ್ಪತ್ರೆಗೆ ಬಂದ. ಡೆಲ್ಬರ್ಟನನ್ನು ಹೊರಗೆ ಕರೆದು, ಟೋಪಿ ತಿರುವುತ್ತ ನಿಂತ.

"ವರದೀಲಿ ಫಿಡ್ಲರ್ ಹತ್ರ ಸಿಕ್ಕಿದಳು ಅಂತ್ಲೇ ಬರೆದಿದೀನಿ. ಹುಡುಗರಿಗೂ ಹೇಳಿದೀನಿ. ನಿಮ್ಮ ಕೆರೆ ನಿಮಗೇ ಇರ್ಲಿ."

ಡೆಲ್ಬರ್ಟನ ಎದೆ ಹಗುರಾಯಿತು. ಆ ಹಗುರ ಗೊತ್ತಾದದ್ದೇ ತಡ, ನಾಚಿಕೆಯಿಂದ ಅವನ ಕಿವಿ ಸುಟ್ಟಿತು. ಒಳಗೆ ಬಂದು ಮಗಳ ಹಾಸಿಗೆಯ ಪಕ್ಕ ಕೂತ.

ಕಾರ್ಲೀನ್ ಎಚ್ಚರವಾಗಿದ್ದಳು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.

"ಸೋಮವಾರ ಬೆಳಿಗ್ಗೆ ಹೆಲಿಕಾಪ್ಟರ್ ನೋಡಿದೆ ಅಪ್ಪ," ಎಂದಳು. "ಕಣಿವೆ ಆ ಕಡೆ ಗುಡ್ಡದ ಮೇಲೆ ಹೋಯ್ತು. ಕೂಗಬೇಕು ಅಂತ್ಲೂ ಅನ್ನಿಸ್ಲಿಲ್ಲ. ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿತ್ತು. ನಾನೇ ಬರೆದಿದ್ನಲ್ಲ."

ಡೆಲ್ಬರ್ಟ್ ಕುರ್ಚಿಯನ್ನು ಹಾಸಿಗೆಗೆ ಹತ್ತಿರ ಎಳೆದುಕೊಂಡ.

"ಆಮೇಲೆ ಅಂದ್ಕೊಂಡೆ, ಕೆಳಗೆ ಅಪ್ಪ ಇದಾನೆ, ಹೇಳ್ತಾನೆ, ಈಗ ಈ ಕಡೆ ತಿರುಗುತ್ತೆ ಅಂತ. ಕಾದೆ. ಮೋಡ ಬರೋವರೆಗೂ ಕಾದೆ." ಅವಳು ತಲೆಯನ್ನು ಅವನ ಕಡೆ ಹೊರಳಿಸಿದಳು. "ಎಷ್ಟೊತ್ತಿಗೆ ಹೇಳಿದೆ?"

ಸುಳ್ಳು ಸಿದ್ಧವಾಗಿಯೇ ಇತ್ತು. ಬೆಳಿಗ್ಗೆಯೇ ಹೇಳಿದೆ, ಅವರೇ ಕೇಳಲಿಲ್ಲ ಎಂದರೆ ಮುಗಿಯಿತು. ಐರಾ ತನ್ನ ಗುಟ್ಟು ಬಿಟ್ಟುಕೊಡುವವನಲ್ಲ ಎಂಬುದು ಐದು ನಿಮಿಷದ ಹಿಂದೆ ಖಾತ್ರಿಯಾಗಿತ್ತು.

"ಎರಡು ಗಂಟೆಗೆ," ಎಂದ.

ಅವಳು ಕಣ್ಣು ಮುಚ್ಚಿದಳು. ಬೈಯಲಿ ಎಂದು ಅವನು ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ನಾನಾಗಿದ್ರೂ ಎರಡು ಗಂಟೆವರೆಗೆ ಹೇಳ್ತಿರಲಿಲ್ಲವೇನೋ," ಎಂದಳು ಕೊನೆಗೆ. "ಅಲ್ಲಿ ಬಿದ್ದು ಅದನ್ನೇ ಯೋಚಿಸ್ತಿದ್ದೆ. ನೀನು ಅಲ್ಲಿ ಬಿದ್ದಿದ್ದು, ನಾನು ಕೆಳಗೆ ನಿಂತಿದ್ರೆ, ನಾನೂ ಸುಮ್ನೇ ಇರ್ತಿದ್ದೆ ಅಪ್ಪ."

ಒಂಬತ್ತು ವರ್ಷದ ಹುಡುಗಿ ಪೆನ್ಸಿಲ್ ಹಿಡಿದು ನಗುತ್ತ ಬರೆದದ್ದು ಅವನ ಕಣ್ಣ ಮುಂದೆ ಬಂತು. ಇಷ್ಟು ವರ್ಷ ಬೆಚ್ಚಗೆ ಕಾಪಾಡಿಕೊಂಡಿದ್ದ ನಗು ಅದು. ಈಗ ನೋಡಲಾಗಲಿಲ್ಲ.

ಕುರ್ಚಿಯ ಕೈ ಹಿಡಿದು ಎದ್ದ. ಮಂಡಿ ನೋಯಿಸಿಕೊಂಡು ಆಸ್ಪತ್ರೆಯ ಮೊಗಸಾಲೆಯ ಕೊನೆಯವರೆಗೆ ನಡೆದ. ಐರಾ ಬಾಗಿಲಲ್ಲಿ ಯಾರದೋ ಜೊತೆ ಮಾತಾಡುತ್ತ ಇನ್ನೂ ನಿಂತಿದ್ದ.

"ವರದಿ ತಿದ್ದಿ ಬರಿ," ಎಂದ ಡೆಲ್ಬರ್ಟ್. "ಎಲ್ಲಿ ಸಿಕ್ಕಿದಳೋ ಅದನ್ನೇ ಬರಿ."

"ಎಲ್ಲರೂ ಓದ್ತಾರೆ ಕಣೋ. ಬರೋ ಬೇಸಿಗೇಲಿ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ."

"ಓದ್ಲಿ. ನಾನು ಎಷ್ಟೊತ್ತಿಗೆ ಹೇಳಿದೆ ಅನ್ನೋದನ್ನೂ ಬರಿ."